ನೂರು ವೋಲ್ಟಿನ ಸೆಟ್ಟು, ಪುಣೆಯ ಕರೆಂಟು: ಒಂದು ಪ್ರಕರಣ

ಪುಣೆಯ ಸಿಂಹಗಡ ರಸ್ತೆಯ ಒಂದು ಫ್ಲ್ಯಾಟಿಗೆ ಜಪಾನಿನಿಂದ ಬಂದ ಸಾಮಾನಿನಲ್ಲಿ ನಾಲ್ಕು ಆಡಿಯೊ ಪೆಟ್ಟಿಗೆಗಳಿದ್ದವು: ಸ್ಟೀರಿಯೊ ಆಂಪ್ಲಿಫಯರ್, ಬೆಲ್ಟ್ ಡ್ರೈವ್ ಟರ್ನ್‌ಟೇಬಲ್, ಸಿಡಿ ಪ್ಲೇಯರ್, ಒಂದು ರೇಡಿಯೊ ಟ್ಯೂನರ್. ಮನೆಯವರು ಧಾರವಾಡದ ಕಡೆಯವರು. ಹಿರಿಯರ ಕಪಾಟಿನಲ್ಲಿ ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿಗಳು ಸಾಲಾಗಿವೆ, ಕೇಳುವುದಕ್ಕೆ ಸರಿಯಾದ ಸೆಟ್ಟು ಮಾತ್ರ ಇರಲಿಲ್ಲ. ಮಗಳು ಒಕಾಯಾಮಾದಲ್ಲಿ ಕೆಲಸ ಮುಗಿಸಿ ಹೊರಡುವಾಗ ಅಲ್ಲಿನ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಅಪ್ಪನಿಗಾಗಿ ಇವನ್ನು ಕೊಂಡು ಹಡಗಿನಲ್ಲಿ ಕಳಿಸಿದ್ದಳು. ಅದೇ ಸಿಂಹಗಡ ರಸ್ತೆಯ ಪು.ಲ. ದೇಶಪಾಂಡೆ ಉದ್ಯಾನಕ್ಕೆ ಪುಣೆ-ಒಕಾಯಾಮಾ ಮೈತ್ರಿ ಉದ್ಯಾನ ಎಂದೂ ಹೆಸರಿದೆ. ಜಪಾನೀ ಕಲಿತು ಅತ್ತ ಹೋಗಿಬರುವವರು ಈ ಊರಿನಲ್ಲಿ ಬಹಳ, ಹಾಗಾಗಿ ಇಂಥ ಸೆಟ್ಟುಗಳೂ ಬಹಳ.

ನಾಲ್ಕು ಪೆಟ್ಟಿಗೆಗಳ ಹಿಂಬದಿಯಲ್ಲೂ ಒಂದೇ ಬರಹ: 100 ವೋಲ್ಟ್, 50/60 ಹರ್ಟ್ಸ್. ನಮ್ಮ ಮನೆಗಳ ಕರೆಂಟು 230 ವೋಲ್ಟಿನದು. ಆಂಪ್ಲಿಫಯರ್‌ಗೆ 180 ವಾಟ್, ಸಿಡಿ ಪ್ಲೇಯರ್‌ಗೆ 12, ಟ್ಯೂನರ್‌ಗೆ 10, ಟರ್ನ್‌ಟೇಬಲ್‌ಗೆ 8.

ಏನು ನಡೆಯಿತು

ಮಗಳು ಫೋನಿನಲ್ಲಿ ಹೇಳಿದ್ದಳು: "ಅಪ್ಪಾ, ನಾ ಬರೂತನಕ ಹಚ್ಚಬ್ಯಾಡ್ರಿ." ಅಪ್ಪನಿಗೆ ತಡೆಯಲಾಗಲಿಲ್ಲ. ಜಪಾನಿನ ಪ್ಲಗ್ಗಿಗೆ ಎರಡು ಚಪ್ಪಟೆ ಪಿನ್ನು, ಅರ್ಥ್ ಪಿನ್ನಿಲ್ಲ. ನಮ್ಮ ಕಡೆ ಸಿಗುವ "ಯೂನಿವರ್ಸಲ್" ಎಕ್ಸ್‌ಟೆನ್ಶನ್ ಬೋರ್ಡುಗಳ ತೂತಿನಲ್ಲಿ ಅದು ಆರಾಮಾಗಿ ಕೂಡುತ್ತದೆ. ಕೂಡಿತು. ಪವರ್ ಗುಂಡಿ ಒತ್ತಿದಾಗ ಪೆಟ್ಟಿಗೆಯೊಳಗೆ ಒಂದು ಗುಡುಗಿನಂಥ ಹಮ್, ಆಮೇಲೆ ಮೌನ. ಒಳಗಿನ 4 ಆಂಪಿಯರಿನ ಫ್ಯೂಸು ಹಾರಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ನಷ್ಟ ಒಂದು ಫ್ಯೂಸಿನಷ್ಟೇ ಆಗುತ್ತಿತ್ತು. ಓಣಿಯ ಎಲೆಕ್ಟ್ರಿಶಿಯನ್ ವಿಜಯಪುರದ ಹುಡುಗ. ಮುಚ್ಚಳ ತೆಗೆದು ನೋಡಿದವನೇ, "ಕಾಕಾ, ಫ್ಯೂಜ್ ಅಷ್ಟ ಹೋಗೇತ್ರಿ, ಎರಡು ನಿಮಿಷದಾಗ ಚಾಲೂ ಮಾಡಿಕೊಡ್ತೀನಿ" ಎಂದು ಗಾಜಿನ ಫ್ಯೂಸಿನ ಮೇಲೆ ತಾಮ್ರದ ಎಳೆ ಸುತ್ತಿ ಮತ್ತೆ ಅದೇ ಬೋರ್ಡಿಗೆ ಹಚ್ಚಿದ. ಈ ಸಲ ಹಮ್ ಕೆಲವು ಸೆಕೆಂಡು ಮುಂದುವರಿಯಿತು. ಪಟ್ಟೆಂದು ಸದ್ದು, ಮೀನು ಸುಟ್ಟಂಥ ವಾಸನೆ, ಮತ್ತೆ ಮೌನ. ಮನೆಯ 16 ಆಂಪಿಯರ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು) ಬೀಳಲೇ ಇಲ್ಲ.

ಎಂಸಿಬಿ ಬೀಳದ್ದರಿಂದ "ದೊಡ್ಡದೇನೂ ಆಗಿಲ್ಲ" ಎಂದುಕೊಂಡವರು ಈ ಮನೆಯ ಹಿರಿಯರೊಬ್ಬರೇ ಅಲ್ಲ. 16 ಆಂಪಿಯರಿನ ಸಿ-ಕರ್ವ್ ಎಂಸಿಬಿ ತಟ್ಟನೆ ಬೀಳುವುದು ಕರೆಂಟು ಐದರಿಂದ ಹತ್ತು ಪಟ್ಟಿಗೆ, ಅಂದರೆ 80ರಿಂದ 160 ಆಂಪಿಯರಿಗೆ ಏರಿದಾಗ. 40 ಆಂಪಿಯರ್ ಹರಿದರೆ ಅದು ಬಿಸಿಯಾಗಿ ಬೀಳುವುದಕ್ಕೆ ಎಷ್ಟೋ ಸೆಕೆಂಡು ತೆಗೆದುಕೊಳ್ಳುತ್ತದೆ. ಎಂಸಿಬಿ ಇರುವುದು ಗೋಡೆಯೊಳಗಿನ ತಂತಿ ಸುಡದಿರಲಿ ಎಂದು. ಉಪಕರಣವನ್ನು ಕಾಯುವುದು ಅದರದೇ ಫ್ಯೂಸು, ಆ ಫ್ಯೂಸಿನ ಮೇಲೇ ತಾಮ್ರ ಸುತ್ತಿಯಾಗಿತ್ತು.

ಫ್ಯೂಸು ಯಾಕೆ ಹಾರುತ್ತದೆ ಎಂಬುದನ್ನೂ ಹೇಳಿಬಿಡಬೇಕು. 100 ವೋಲ್ಟಿಗೆ ಸುತ್ತಿದ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಕೋರ್ ಸಾಮಾನ್ಯವಾಗಿ 1.3ರಿಂದ 1.5 ಟೆಸ್ಲಾದಷ್ಟು ಕಾಂತತೆಯಲ್ಲಿ ಕೆಲಸ ಮಾಡುತ್ತದೆ. ಆ ಉಕ್ಕು ಸುಮಾರು 2 ಟೆಸ್ಲಾಕ್ಕೆ ತುಂಬಿ ಹೋಗುತ್ತದೆ. 230 ವೋಲ್ಟ್ ಕೊಟ್ಟರೆ ಮೂರಕ್ಕೂ ಹೆಚ್ಚು ಬೇಕಾಗುತ್ತದೆ, ಅದು ಸಾಧ್ಯವೇ ಇಲ್ಲ. ಕೋರ್ ತುಂಬಿದ ಮೇಲೆ ಪ್ರೈಮರಿ ವೈಂಡಿಂಗ್ (ಕರೆಂಟು ಒಳಬರುವ ಸುರುಳಿ) ಬರೀ ತಾಮ್ರದ ಸುರುಳಿಯಾಗಿ ಉಳಿಯುತ್ತದೆ. ಈ ಆಂಪ್ಲಿಫಯರಿನದು ಒಂದೂವರೆ ಓಮ್ ಕೂಡ ಇಲ್ಲ. ಆಂಪ್ಲಿಫಯರ್ ಹಾಡಲಿ ಬಿಡಲಿ, ವಾಲ್ಯೂಮ್ ಸೊನ್ನೆಯಲ್ಲಿರಲಿ, ಆ ಕರೆಂಟು ಹರಿದೇ ಹರಿಯುತ್ತದೆ. "ಸಣ್ಣ ಸೌಂಡಿನಲ್ಲಿ ಇಟ್ಟರೆ ತಡೆದೀತು" ಎಂಬ ಮಾತಿಗೆ ಇಲ್ಲಿ ಅರ್ಥವಿಲ್ಲ.

ಬಿಚ್ಚಿ ನೋಡಿದಾಗ

ಮೊದಲ ಕೆಲಸ ದೊಡ್ಡ ಕೆಪಾಸಿಟರ್‌ಗಳನ್ನು ಖಾಲಿ ಮಾಡುವುದು. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸುವ ಚಾಳಿ ಬೇಡ, ಅದರಿಂದ ಕಾಲುಗಳೂ ಬೋರ್ಡಿನ ತಾಮ್ರವೂ ಹಾಳು. 100 ಓಮ್, 10 ವಾಟಿನ ವೈರ್‌ವೌಂಡ್ ರೆಸಿಸ್ಟರಿಗೆ ಎರಡು ಕ್ಲಿಪ್ ಹಾಕಿ ಪ್ರತಿ ಕೆಪಾಸಿಟರಿಗೆ ಹತ್ತು ಸೆಕೆಂಡು ಹಿಡಿದರೆ ಸಾಕು. ಆಮೇಲೆ ಮೀಟರಿನಲ್ಲಿ ಅಳೆದು 1 ವೋಲ್ಟಿಗಿಂತ ಕೆಳಗಿದ್ದರೆ ಕೈ ಹಾಕಬಹುದು.

ಇದರಲ್ಲಿ ಇದ್ದದ್ದು 10,000 ಮೈಕ್ರೊಫ್ಯಾರಡ್, 50 ವೋಲ್ಟಿನ ಎರಡು ಕೆಪಾಸಿಟರ್. ಸರಿಯಾದ ಕರೆಂಟಿನಲ್ಲಿ ಇವುಗಳ ಮೇಲೆ ಬೀಳುವುದು 42 ವೋಲ್ಟ್. ಒಂದರ ತಲೆ ಸೀಳಿ ಎಲೆಕ್ಟ್ರೊಲೈಟ್ ಹೊರಬಂದಿತ್ತು, ಮೀನಿನ ವಾಸನೆ ಅದರದು. ಇನ್ನೊಂದರ ತಲೆ ಉಬ್ಬಿತ್ತು. ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫಯರ್ ಮೀಟರಿನ ಡಯೋಡ್ ಪರೀಕ್ಷೆಯಲ್ಲಿ ಸರಿಯಿತ್ತು. ಔಟ್‌ಪುಟ್ ಟ್ರಾನ್ಸಿಸ್ಟರುಗಳು 160 ವೋಲ್ಟ್ ತಡೆಯುವ ಜಾತಿಯವು, ಬದುಕಿದ್ದವು. ಸ್ಪೀಕರನ್ನು ತುಸು ತಡೆದು ಜೋಡಿಸುವ ರಿಲೇ ಕೂಡುವ ಮೊದಲೇ ಎಲ್ಲ ಮುಗಿದಿದ್ದರಿಂದ ಸ್ಪೀಕರಿಗೂ ಏನೂ ಆಗಿರಲಿಲ್ಲ.

ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಮಾತ್ರ ಓಪನ್, ಅಂದರೆ ಎಲ್ಲೋ ಕಡಿದಿದೆ ಎಂದು ತೋರಿಸಿತು. ಇಲ್ಲಿ ಬಹಳ ಮಂದಿ "ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಸೆಟ್ಟು ಗುಜರಿಗೆ" ಎಂದು ತೀರ್ಪು ಕೊಡುತ್ತಾರೆ. ಸುಟ್ಟ ವಾರ್ನಿಷ್ಷಿನ ವಾಸನೆ ಇಲ್ಲ, ಟೇಪು ಕಂದಿಲ್ಲ ಎಂದಾದರೆ ಮೊದಲು ಹುಡುಕಬೇಕಾದ್ದು ಬಿಸಿ ಮಿತಿ ಮೀರಿದರೆ ಕಡಿದುಕೊಳ್ಳುವ ಥರ್ಮಲ್ ಫ್ಯೂಸು. ಜಪಾನಿನ ಎಷ್ಟೋ ಆಂಪ್ಲಿಫಯರುಗಳಲ್ಲಿ ಅದು ಪ್ರೈಮರಿಯ ಹೊರಗಿನ ಹಳದಿ ಟೇಪಿನ ಒಂದೆರಡು ಸುತ್ತಿನ ಕೆಳಗೆ, ತಂತಿ ಹೊರಬರುವ ಕಡೆಯಲ್ಲಿ ಅಡಗಿರುತ್ತದೆ. ಟೇಪನ್ನು ಬ್ಲೇಡಿನಿಂದ ಮೇಲ್ಮೇಲೆ ಗೀರಿ ಎತ್ತಬೇಕು, ಆಳಕ್ಕೆ ಹೋದರೆ ವೈಂಡಿಂಗಿನ ಇನ್ಯಾಮಲ್ ಕೆರೆದು ನಿಜವಾಗಿಯೂ ಗುಜರಿಗೇ. ಇಲ್ಲಿ ಸಿಕ್ಕಿದ್ದು 130 ಡಿಗ್ರಿ, 10 ಆಂಪಿಯರಿನದು. ಅಷ್ಟೇ ಡಿಗ್ರಿಯ ಹೊಸದನ್ನು ಹಾಕಲಾಯಿತು. ಇದನ್ನು ಬೆಸೆಯಬಾರದು, ಸೋಲ್ಡರಿಂಗ್ ಐರನ್ನಿನ ಬಿಸಿಗೇ ಅದು ತೆರೆದುಕೊಳ್ಳುತ್ತದೆ. ಸಣ್ಣ ಕ್ರಿಂಪ್ ಸ್ಲೀವು ಹಾಕಿ ಇಕ್ಕಳದಲ್ಲಿ ಒತ್ತಿ, ಮೇಲೆ ಫೈಬರ್‌ಗ್ಲಾಸ್ ಕೊಳವೆ ತೊಡಿಸಿ ಅದೇ ಜಾಗದಲ್ಲಿ ಕೂರಿಸಬೇಕು. ಅದನ್ನು ತಂತಿಯಿಂದ ಬೈಪಾಸ್ ಮಾಡಿಕೊಡುವ ಅಂಗಡಿಗಳಿವೆ. ಅಂಥ ರಿಪೇರಿ ಮನೆಗೆ ಬಂದರೆ ಮುಂದಿನ ಸಲ ಸುಡುವುದು ಟ್ರಾನ್ಸ್‌ಫಾರ್ಮರೇ.

ಫ್ಯೂಸು ಹಾಕಿದ ಮೇಲೂ ವೈಂಡಿಂಗ್ ಒಳಗೆ ಸುತ್ತುಗಳು ಶಾರ್ಟ್ ಆಗಿವೆಯೋ ನೋಡಬೇಕು. ಸೆಕೆಂಡರಿಯ (ಕರೆಂಟು ಹೊರಹೋಗುವ ಸುರುಳಿಯ) ತಂತಿಗಳನ್ನೆಲ್ಲ ಬಿಡಿಸಿ, ಸೀರೀಸ್ ಬಲ್ಬಿನ ಮೂಲಕ ಪ್ರೈಮರಿಗೆ 100 ವೋಲ್ಟ್ ಕೊಟ್ಟಾಗ ಬಲ್ಬು ಹೊತ್ತದೆ ಉಳಿದರೆ, ಕರೆಂಟು ನೂರು ಮಿಲಿಆಂಪಿಯರ್ ಆಸುಪಾಸಿನಲ್ಲಿದ್ದರೆ, ಬಚಾವ್. ಇಲ್ಲಿ 80 ಮಿಲಿಆಂಪಿಯರ್ ಇತ್ತು. ಇನ್ಸುಲೇಶನ್ ಅಳೆಯುವ 500 ವೋಲ್ಟಿನ ಮೆಗ್ಗರಿನಲ್ಲಿ ಪ್ರೈಮರಿಗೂ ಕೋರಿಗೂ ನಡುವೆ 200 ಮೆಗಾಓಮ್.

ಕೆಪಾಸಿಟರುಗಳಿಗೆ ಬದಲಿ ಹಾಕುವಾಗ ವೋಲ್ಟೇಜು 63ಕ್ಕೆ ಏರಿಸಲಾಯಿತು: 10,000 ಮೈಕ್ರೊಫ್ಯಾರಡ್, 105 ಡಿಗ್ರಿ, 35 ಮಿಲಿಮೀಟರ್ ದಪ್ಪ, ಕಾಲುಗಳ ನಡುವೆ 10 ಮಿಲಿಮೀಟರ್. ಬುಧವಾರ ಪೇಠೆಯ ಪಾಸೋಡ್ಯಾ ವಿಠೋಬಾ ಗುಡಿಯ ಸುತ್ತಿನ ಅಂಗಡಿಗಳಲ್ಲಿ ಇವು ಸಿಗುತ್ತವೆ. ದೊಡ್ಡ ಡಬ್ಬಿಯೊಳಗೆ ಸಣ್ಣ ಕೆಪಾಸಿಟರ್ ಕೂರಿಸಿ ಮಾರುವ ನಕಲಿ ಮಾಲು ಯಾವ ಊರಿನ ಪೇಟೆಯಲ್ಲೂ ನುಸುಳಬಹುದು. ಕೈಯಲ್ಲಿ ತೂಗಿ ನೋಡುವುದು, ಕೆಪಾಸಿಟೆನ್ಸ್ ಮೀಟರಿನಲ್ಲಿ ಅಳೆಯುವುದು ಎರಡೂ ಮಾಡಬೇಕು.

ಮೊದಲ ಬಾರಿ ಚಾಲೂ ಮಾಡಿದ್ದು 100 ವಾಟಿನ ಫಿಲಮೆಂಟ್ ಬಲ್ಬನ್ನು ಸೀರೀಸಿಗೆ ಹಾಕಿ, ಸ್ಪೀಕರ್ ಇಲ್ಲದೆ. ಬಲ್ಬು ಒಮ್ಮೆ ಝಗ್ಗೆಂದು ಹೊತ್ತಿ ಮಂಕಾಯಿತು. ಹೊತ್ತೇ ಇದ್ದಿದ್ದರೆ ಎಲ್ಲೋ ಶಾರ್ಟ್ ಇದೆ ಎಂದು ತಿಳಿದು ಆರಿಸಬೇಕಾಗಿತ್ತು. ಬಲ್ಬು ತೆಗೆದ ಮೇಲೆ ಎರಡೂ ಕಡೆ 42 ವೋಲ್ಟ್, ಸ್ಪೀಕರ್ ಟರ್ಮಿನಲ್ಲಿನಲ್ಲಿ ಡಿಸಿ 12 ಮತ್ತು 18 ಮಿಲಿವೋಲ್ಟ್. 50ರ ಒಳಗಿದ್ದರೆ ನಿಶ್ಚಿಂತೆ.

ಯಾವ ಟ್ರಾನ್ಸ್‌ಫಾರ್ಮರ್

ಕೆಲವು ಮಾದರಿಗಳ ಹಿಂಬದಿಯಲ್ಲಿ ವೋಲ್ಟೇಜ್ ಸ್ವಿಚ್ಚು ಇರುತ್ತದೆ, ಕೆಲವದರಲ್ಲಿ ಒಳಗೆ ಪ್ರೈಮರಿ ಎರಡು ಭಾಗವಾಗಿದ್ದು ಸೀರೀಸಿಗೆ ಜೋಡಿಸಿ 220 ಅಥವಾ 230 ಮಾಡಬಹುದು. ಜಪಾನಿನ ಒಳಮಾರುಕಟ್ಟೆಗೆಂದೇ ಮಾಡಿದ ಈ ಆಂಪ್ಲಿಫಯರಿನಲ್ಲಿ ಪ್ರೈಮರಿಯಿಂದ ಹೊರಬರುವುದು ಎರಡೇ ತಂತಿ. ಹಾಗಾಗಿ ಹೊರಗಿನ ಸ್ಟೆಪ್‌ಡೌನ್ (ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರ್) ಬಿಟ್ಟು ದಾರಿಯಿಲ್ಲ.

ಪೇಟೆಯಲ್ಲಿ ಸ್ಟೆಪ್‌ಡೌನ್ ಎಂದು ಕೇಳಿದರೆ ಮೂರು ತರಹದ ಮಾಲು ಮುಂದಿಡುತ್ತಾರೆ. ಅಂಗೈಯಗಲದ, ಹಗುರವಾದ, "1600 ವಾಟ್" ಎಂದು ಬರೆದ ಪ್ರವಾಸಿ ಕನ್ವರ್ಟರ್ ಮೊದಲನೆಯದು. ಅದರಲ್ಲಿ ಟ್ರಾನ್ಸ್‌ಫಾರ್ಮರೇ ಇಲ್ಲ, ಫ್ಯಾನ್ ರೆಗ್ಯುಲೇಟರಿನ ಹಾಗೆ ಅಲೆಯನ್ನು ಕತ್ತರಿಸಿ ಸರಾಸರಿ ಇಳಿಸುತ್ತದೆ ಅಷ್ಟೇ. ಅಲೆಯ ತುದಿ 300 ವೋಲ್ಟಿನ ಆಸುಪಾಸಿನಲ್ಲೇ ಉಳಿಯುತ್ತದೆ, ಆಂಪ್ಲಿಫಯರಿನ ಕೆಪಾಸಿಟರ್ ತುಂಬುವುದು ಆ ತುದಿಯಿಂದ. ತಲೆಗೂದಲು ಒಣಗಿಸುವ ಯಂತ್ರಕ್ಕೆ ಸರಿ, ಆಡಿಯೊ ಹತ್ತಿರ ತರಲೇಬಾರದು.

ಎರಡನೆಯದು ಆಟೊಟ್ರಾನ್ಸ್‌ಫಾರ್ಮರ್. ಒಂದೇ ವೈಂಡಿಂಗ್, 100 ವೋಲ್ಟಿಗೆಂದು ಅದರ ನಡುವಿನಿಂದ ಹೊರತೆಗೆದ ಒಂದು ತಂತಿ, ಅಂದರೆ ಟ್ಯಾಪು. 500 ವಿಎ (ವೋಲ್ಟ್-ಆಂಪಿಯರ್) ಎಂದು ಬರೆದಿದ್ದರೂ ಕೋರ್ ಬೇಕಾಗುವುದು ಅದರ ಶೇಕಡಾ 57ರಷ್ಟಕ್ಕೆ, ಸುಮಾರು 283 ವಿಎಗೆ. ಅದಕ್ಕೇ ಹಗುರ, ಅದಕ್ಕೇ ಅಗ್ಗ. ಕೆಲಸವೇನೋ ಮಾಡುತ್ತದೆ. ಆದರೆ ಟ್ಯಾಪಿಗೂ ನ್ಯೂಟ್ರಲ್ಲಿಗೂ ನಡುವಿನ ಭಾಗ ಎಲ್ಲಾದರೂ ಕಡಿದರೆ, ಅಥವಾ ಆ ಕಡೆಯ ಸ್ಕ್ರೂ ಸಡಿಲಾದರೆ, ಮೇಲಿನ ಭಾಗದ ಮೂಲಕ 230 ವೋಲ್ಟು ನೇರ ಆಂಪ್ಲಿಫಯರಿಗೆ ಬರುತ್ತದೆ. ಬೋರ್ಡಿನಲ್ಲಿ ಫೇಸ್-ನ್ಯೂಟ್ರಲ್ ಅದಲುಬದಲಾಗಿದ್ದರೆ 100 ವೋಲ್ಟಿನ ಸಾಕೆಟ್ಟಿನ ಎರಡು ತೂತುಗಳು ನೆಲಕ್ಕೆ ಹೋಲಿಸಿ 230 ಮತ್ತು 130ರಲ್ಲಿ ಕೂತಿರುತ್ತವೆ. ಅರ್ಥ್ ಪಿನ್ನೇ ಇಲ್ಲದ ಜಪಾನಿನ ಪೆಟ್ಟಿಗೆಯನ್ನು ಮುಟ್ಟಿದಾಗ ಜುಮ್ಮೆನ್ನುವುದಕ್ಕೆ ಇದೂ ಒಂದು ಕಾರಣ.

ಉಳಿದದ್ದು ಐಸೊಲೇಶನ್ ಟ್ರಾನ್ಸ್‌ಫಾರ್ಮರ್, ಪ್ರೈಮರಿ ಬೇರೆ, ಸೆಕೆಂಡರಿ ಬೇರೆ. ದುಬಾರಿ, ಏಳೆಂಟು ಕಿಲೊ ಭಾರ, ಆದರೆ ಯಾವ ತಂತಿ ಕಡಿದರೂ 100 ವೋಲ್ಟಿನ ಕಡೆ ಸೊನ್ನೆಯಾಗುತ್ತದೆಯೇ ಹೊರತು 230 ಆಗುವುದಿಲ್ಲ. ಸಾವಿರಾರು ರೂಪಾಯಿಯ ಸೆಟ್ಟಿಗೆ ಇದರಲ್ಲಿ ಚೌಕಾಸಿ ಮಾಡುವುದು ನಮಗೆ ಒಪ್ಪಿಗೆಯಿಲ್ಲ.

ಎಷ್ಟು ದೊಡ್ಡದು? ಲೇಬಲ್ಲಿನ 180 ವಾಟು ಆಂಪ್ಲಿಫಯರಿನ ಗರಿಷ್ಠವಲ್ಲ. ಜೋರಾಗಿ ನುಡಿಸಿದಾಗ ಅದು ಎರಡು ಪಟ್ಟಿನ ಹತ್ತಿರ ಎಳೆಯಬಹುದು, ಅದೂ ಅಲೆಯ ತುದಿಯಲ್ಲಿ ಜಗ್ಗಿ ಜಗ್ಗಿ. ಆಂಪ್ಲಿಫಯರಿಗೆ ಎರಡೂವರೆ ಪಟ್ಟು ಹಿಡಿದು, ಉಳಿದ ಮೂರರ 30 ವಾಟು ಸೇರಿಸಿ 480. ಹಾಗಾಗಿ 500 ವಿಎ.

ಯಾವ ಟ್ಯಾಪಿಗೆ ಸುತ್ತಿಸಬೇಕು ಎಂಬುದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಜಪಾನಿನ ಕಾನೂನಿನ ಪ್ರಕಾರ ಮನೆಗೆ ಬರುವ ಕರೆಂಟು 101 ವೋಲ್ಟಿಗೆ 6 ಹೆಚ್ಚು-ಕಡಿಮೆ, ಅಂದರೆ 95ರಿಂದ 107. ಆ ಪೆಟ್ಟಿಗೆಗಳು ಹುಟ್ಟಿದ್ದು ಆ ಮಿತಿಗೆ. ಈ ಫ್ಲ್ಯಾಟಿನಲ್ಲಿ ಒಂದು ವಾರ ಬೆಳಿಗ್ಗೆ, ಸಂಜೆ, ನಡುರಾತ್ರಿ ಅಳೆದಾಗ ಸಿಕ್ಕಿದ್ದು 226ರಿಂದ 246. 230ಕ್ಕೆ ಸುತ್ತಿದ ಟ್ರಾನ್ಸ್‌ಫಾರ್ಮರ್ ನಡುರಾತ್ರಿ 107 ಕೊಡುತ್ತದೆ. ಇಷ್ಟೇ ಆಗಿದ್ದರೆ ನಡೆಯುತ್ತಿತ್ತು. ಆದರೆ 100 ವೋಲ್ಟ್ ಎನ್ನುವುದು ಪೂರ್ತಿ ಲೋಡಿನ ಲೆಕ್ಕ. ಆಂಪ್ಲಿಫಯರ್ ಸುಮ್ಮನೆ ಕೂತಾಗ ಎಳೆಯುವುದು 40 ವಾಟ್, ಆಗ ಸೆಕೆಂಡರಿ ಇನ್ನೂ ಮೂರೂವರೆ ಶೇಕಡಾ ಮೇಲಿರುತ್ತದೆ, 110 ದಾಟುತ್ತದೆ. ಆದ್ದರಿಂದ ಪ್ರೈಮರಿಗೆ 0-230-240-250 ಟ್ಯಾಪುಗಳನ್ನು ಹಾಕಿಸಿ 240ಕ್ಕೆ ಜೋಡಿಸಲಾಯಿತು. ಈಗ ಆಂಪ್ಲಿಫಯರಿನ ಬಾಯಲ್ಲಿ 97ರಿಂದ 106.

ವೈಂಡಿಂಗ್ ಮಾಡುವವರಿಗೆ ಕೊಟ್ಟ ಚೀಟಿಯಲ್ಲಿ ಇದ್ದದ್ದು ಇಷ್ಟು: ಇಐ ಕೋರ್ (ಇಂಗ್ಲಿಷಿನ E, I ಆಕಾರದ ತಗಡುಗಳದು), 500 ವಿಎ, ತಾಮ್ರದ ತಂತಿಯೇ ಆಗಬೇಕು, ಸೆಕೆಂಡರಿ 100 ವೋಲ್ಟ್ 5 ಆಂಪಿಯರ್, 16 ಗೇಜು, ಪ್ರೈಮರಿ 19 ಗೇಜು, ಎರಡರ ನಡುವೆ ತಾಮ್ರದ ಹಾಳೆಯ ಶೀಲ್ಡು, ಅದರ ತುದಿಗಳು ಒಂದಕ್ಕೊಂದು ತಾಕದಂತೆ, ಕೋರಿನ ಕಾಂತತೆ 1.2 ಟೆಸ್ಲಾ ಮೀರದಂತೆ ಸುತ್ತು ಹೆಚ್ಚಿಸುವುದು. ವಾರ್ನಿಷ್‌ನಲ್ಲಿ ಅದ್ದಿ ಒಲೆಯಲ್ಲಿ ಒಣಗಿಸುವುದು. ಶೀಲ್ಡಿನ ತುದಿಗಳು ತಾಕಿದರೆ ಅದೇ ಒಂದು ಶಾರ್ಟ್ ಆದ ಸುತ್ತಾಗಿ ಟ್ರಾನ್ಸ್‌ಫಾರ್ಮರ್ ಕಾದು ಹೋಗುತ್ತದೆ, ಅದಕ್ಕೇ ಅದನ್ನು ಬಿಡಿಸಿ ಬರೆಯಬೇಕು. 1.2 ಟೆಸ್ಲಾ ಎಂದದ್ದು ಹಮ್ ಕಡಿಮೆಯಾಗಲಿ ಎಂದು. ಅಲ್ಯೂಮಿನಿಯಂ ತಂತಿಗೆ ತಾಮ್ರದ ಬಣ್ಣದ ಇನ್ಯಾಮಲ್ ಬಳಿದಿರುತ್ತಾರೆ, ತುದಿಯನ್ನು ಬ್ಲೇಡಿನಲ್ಲಿ ಕೆರೆದರೆ ಬೆಳ್ಳಗೆ ಕಾಣುತ್ತದೆ.

ಬಳೆಯಾಕಾರದ ಕೋರಿನ ಟೊರಾಯ್ಡ್ ಯಾಕೆ ಬೇಡ ಎಂದು ಮನೆಯವರು ಕೇಳಿದರು. ಟೊರಾಯ್ಡ್ ಹಗುರ, ಸುತ್ತಲಿನ ಕಾಂತಕ್ಷೇತ್ರವೂ ಕಡಿಮೆ. ಆದರೆ ಸ್ವಿಚ್ಚು ಹಾಕಿದ ಕ್ಷಣ ಅದು ಎಳೆಯುವ ಕರೆಂಟಿಗೆ ಎಂಸಿಬಿ ಬೀಳುವುದು ಮಾಮೂಲು, ತಡೆಗೆ 10 ಓಮಿನ ಎನ್‌ಟಿಸಿ (ಬಿಸಿಯಾದಂತೆ ಓಮ್ ಇಳಿಯುವ ರೆಸಿಸ್ಟರ್) ಹಾಕಬೇಕಾಗುತ್ತದೆ, ಕರೆಂಟು ಹೋಗಿ ತಕ್ಷಣ ಬಂದಾಗ ಆ ಎನ್‌ಟಿಸಿ ಇನ್ನೂ ಬಿಸಿಯಿದ್ದು ಕೆಲಸಕ್ಕೆ ಬರುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿಬಂದು ಆಡುವ ಊರಿಗೆ ಇಐ ಹೆಚ್ಚು ಸೈರಣೆಯದು.

ಮನೆಗೆ ತಂದ ಮೇಲೆ ನೇರ ಸೆಟ್ಟಿಗೆ ಹಚ್ಚದೆ ಒಂದು ತಾಸು ಲೋಡ್ ಕೊಟ್ಟು ನೋಡಲಾಯಿತು. ಲೋಡು ಅಂದರೆ ಬಕೆಟ್ಟಿನಲ್ಲಿ ನೀರು ಕಾಯಿಸುವ 1500 ವಾಟಿನ ರಾಡು. 100 ವೋಲ್ಟಿನಲ್ಲಿ ಅದು 284 ವಾಟು ಎಳೆಯುತ್ತದೆ. ರಾಡಿನ ಅರ್ಥ್ ತಂತಿಯನ್ನು ಟ್ರಾನ್ಸ್‌ಫಾರ್ಮರ್ ಕೂರುವ ಬಾಕ್ಸಿನ ಅರ್ಥಿಗೆ ಸೇರಿಸಿ, ಬಕೆಟ್ಟಿನ ಹತ್ತಿರ ಯಾರೂ ಸುಳಿಯದಂತೆ ಮಾಡಿದರೆ ಇದಕ್ಕಿಂತ ಸುಲಭದ ಪರೀಕ್ಷೆಯಿಲ್ಲ. ತಾಸಿನ ಕೊನೆಗೆ ಕೋರ್ 55 ಡಿಗ್ರಿ, ವೋಲ್ಟೇಜು ಮೂರಕ್ಕಿಂತ ಹೆಚ್ಚು ಇಳಿಯಲಿಲ್ಲ.

ಬಾಕ್ಸು, ಫ್ಯೂಸು, ಅರ್ಥಿಂಗು

ಇಡೀ ಪ್ರಕರಣದ ಮೂಲ ಒಂದು ತೂತು. ಚಪ್ಪಟೆ ಪಿನ್ನು 230ರ ಬೋರ್ಡಿನಲ್ಲಿ ಕೂಡುವ ತನಕ ಮನೆಗೆ ಬಂದ ನೆಂಟರ ಹುಡುಗನೋ ಮನೆಗೆಲಸದವರೋ ಯಾವತ್ತಾದರೂ ಮತ್ತೆ ಅದನ್ನೇ ಮಾಡುತ್ತಾರೆ. ಲೇಬಲ್ ಅಂಟಿಸಿದರೆ ನಿಲ್ಲುವುದಿಲ್ಲ. ಆದ್ದರಿಂದ ಟ್ರಾನ್ಸ್‌ಫಾರ್ಮರನ್ನು ಗಾಳಿಕಂಡಿಯಿರುವ ತಗಡಿನ ಪೆಟ್ಟಿಗೆಯಲ್ಲಿ ಕೂರಿಸಿ, ಚಪ್ಪಟೆ ಪಿನ್ನಿನ ನಾಲ್ಕು ಸಾಕೆಟ್ಟುಗಳನ್ನು ಅದರ ಒಳಗೇ ಇಟ್ಟು, ನಾಲ್ಕು ಕಾರ್ಡುಗಳೂ ಒಂದು ಸೀಳಿನ ಮೂಲಕ ಹೊರಬರುವಂತೆ ಮಾಡಿ ಮುಚ್ಚಳಕ್ಕೆ ಸ್ಕ್ರೂ ಬಿಗಿಯಲಾಯಿತು. ಮೂಲ ಪ್ಲಗ್ಗು ಕತ್ತರಿಸಬೇಕಾಗಿಲ್ಲ, ಯಾರ ಕೈಗೂ ಸಿಗುವುದೂ ಇಲ್ಲ. ಹೊರಗೆ ಕಾಣುವುದು ನಮ್ಮ ಮೂರು ಪಿನ್ನಿನ ಒಂದೇ ಪ್ಲಗ್ಗು.

230ರ ಕಡೆ 3.15 ಆಂಪಿಯರಿನ ಟೈಮ್‌ಲ್ಯಾಗ್ (ತುಸು ತಡೆದು ಹಾರುವ) ಫ್ಯೂಸು, 100ರ ಕಡೆ 5 ಆಂಪಿಯರಿನದು, ಆಂಪ್ಲಿಫಯರಿನ ಒಳಗೆ ಮೊದಲಿದ್ದ 4 ಆಂಪಿಯರಿನದೇ ಮತ್ತೆ. ತಾಮ್ರ ಸುತ್ತಿದ ಫ್ಯೂಸನ್ನು ಕಸಕ್ಕೆ ಹಾಕುವುದೂ ಕೆಲಸದ ಭಾಗವೇ.

ಹಾಲಿನ ಬೋರ್ಡಿನಲ್ಲಿ ಅರ್ಥ್ ತೂತು ಇತ್ತು, ಹಿಂದೆ ತಂತಿ ಇರಲಿಲ್ಲ. ಹಳೆಯ ಕಟ್ಟಡಗಳಲ್ಲಿ ಇದು ಬಹಳ ಕಡೆ ಕಾಣುತ್ತದೆ. ಟೆಸ್ಟರಿಗೆ ಇದು ಗೊತ್ತಾಗುವುದಿಲ್ಲ. ಫೇಸಿಗೂ ಅರ್ಥಿಗೂ ನಡುವೆ 100 ವಾಟಿನ ಬಲ್ಬು ಕ್ಷಣ ಹೊತ್ತು ಹಿಡಿದರೆ ಗೊತ್ತಾಗುತ್ತದೆ. ಮೀಟರ್ 230 ತೋರಿಸಿದ ಜಾಗದಲ್ಲೂ ತಂತಿ ಸರಿಯಿಲ್ಲದಿದ್ದರೆ ಬಲ್ಬು ಹೊತ್ತುವುದಿಲ್ಲ. ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್ಚು) ಇರುವ ಮನೆಯಲ್ಲಿ ಹೀಗೆ ಮಾಡಿದರೆ ಅದು ಬೀಳುತ್ತದೆ, ಅರ್ಥ್ ತಂತಿ ಇದೆ ಎಂಬುದಕ್ಕೆ ಅದು ಗುರುತು, ಪೂರ್ತಿ ಸರಿಯಿದೆ ಎಂಬುದಕ್ಕಲ್ಲ. ಇಲ್ಲಿ ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದ 2.5 ಚದರ ಮಿಲಿಮೀಟರಿನ ಹಸಿರು ತಂತಿ ಎಳೆಸಲಾಯಿತು.

ಆಮೇಲೆ ಕೋರು, ಶೀಲ್ಡು, ತಗಡಿನ ಪೆಟ್ಟಿಗೆ ಅರ್ಥಿಗೆ. ಆಂಪ್ಲಿಫಯರಿನ ಹಿಂದಿನ ಜಿಎನ್‌ಡಿ ಸ್ಕ್ರೂವಿನಿಂದ ಅದೇ ಅರ್ಥ್ ಬಿಂದುವಿಗೆ ಒಂದು ತಂತಿ, ಟರ್ನ್‌ಟೇಬಲ್ಲಿನ ಸಣ್ಣ ತಂತಿ ಆಂಪ್ಲಿಫಯರಿನ ಸ್ಕ್ರೂವಿಗೆ. ಬೇರೆ ಎಲ್ಲಿಯೂ ಅರ್ಥ್ ಕೂಡದು. 100 ವೋಲ್ಟಿನ ಸೆಕೆಂಡರಿಯನ್ನು ಯಾವುದಕ್ಕೂ ಸೇರಿಸದೆ ತೇಲಲು ಬಿಡಲಾಗಿದೆ. ಮನೆಯ 30 ಮಿಲಿಆಂಪಿಯರಿನ ಆರ್‌ಸಿಸಿಬಿ 100 ವೋಲ್ಟಿನ ಕಡೆಯ ಸೋರಿಕೆಯನ್ನು ನೋಡಲಾರದು, ಟ್ರಾನ್ಸ್‌ಫಾರ್ಮರಿನ ಆಚೆ ಅದಕ್ಕೆ ಕಣ್ಣಿಲ್ಲ. ಆರ್‌ಸಿಸಿಬಿ ಇದೆಯೆಂದು ಪೆಟ್ಟಿಗೆ ತೆರೆದಿಟ್ಟು ಸಾಕೆಟ್ಟಿಗೆ ಕೈ ಹಾಕುವುದು ಬೇಡ.

ಟರ್ನ್‌ಟೇಬಲ್ಲಿನ ಬೇರೆ ರೋಗ

ಎಲ್ಲ ಸರಿಯಾಗಿ ಮೊದಲ ಎಲ್‌ಪಿ ಹಾಕಿದಾಗ ಹಿರಿಯರಿಗೆ ಎರಡು ಆಲಾಪ ಕೇಳುವಷ್ಟರಲ್ಲಿ ಅನುಮಾನ ಬಂತು. ಹಾಡು ಭಾರವಾಗಿ, ನಿದ್ದೆಗಣ್ಣಿನಲ್ಲಿ ನಡೆದಂತೆ. ಹಾರ್ಮೋನಿಯಂ ಪಕ್ಕಕ್ಕಿಟ್ಟು ನೋಡಿದರೆ ಕರಿ ಒಂದರಲ್ಲಿರಬೇಕಾದ ಷಡ್ಜ ಕೆಳಗಿನ ಕರಿ ಐದಕ್ಕೆ ಇಳಿದಿದೆ, ಮೂರು ಸ್ವರಸ್ಥಾನಕ್ಕೂ ತುಸು ಹೆಚ್ಚು.

ಟ್ರಾನ್ಸ್‌ಫಾರ್ಮರ್ ವೋಲ್ಟೇಜು ಬದಲಿಸುತ್ತದೆ, ಫ್ರೀಕ್ವೆನ್ಸಿಯನ್ನು ಮುಟ್ಟುವುದಿಲ್ಲ. ಜಪಾನಿನ ಪೂರ್ವಭಾಗದಲ್ಲಿ 50 ಹರ್ಟ್ಸ್, ಪಶ್ಚಿಮದಲ್ಲಿ 60. 1895ರಲ್ಲಿ ಟೋಕಿಯೊ ಜರ್ಮನಿಯ ಎಇಜಿಯಿಂದಲೂ 1896ರಲ್ಲಿ ಒಸಾಕಾ ಅಮೆರಿಕದ ಜಿಇಯಿಂದಲೂ ಜನರೇಟರ್ ತರಿಸಿಕೊಂಡದ್ದರ ಫಲ ಅದು, ಇವತ್ತಿಗೂ ಫುಜಿ ನದಿಯಿಂದ ಇತೊಯಿಗಾವಾದ ತನಕ ಗಡಿ ಹಾಗೇ ಇದೆ. ಒಕಾಯಾಮಾ 60ರ ಕಡೆಯದು. ಈ ಟರ್ನ್‌ಟೇಬಲ್ಲಿನ ಮೋಟರು 24 ಧ್ರುವದ ಸಿಂಕ್ರೊನಸ್ ಜಾತಿಯದು, ಕರೆಂಟಿನ ಫ್ರೀಕ್ವೆನ್ಸಿಗೆ ತಕ್ಕಂತೆ ತಿರುಗುವಂಥದು. 60 ಹರ್ಟ್ಸಿನಲ್ಲಿ ನಿಮಿಷಕ್ಕೆ 300 ಸುತ್ತು, 50ರಲ್ಲಿ 250. ಬೆಲ್ಟು ಓಡಿಸುವ ಮೋಟರಿನ ಪುಲ್ಲಿ 60ಕ್ಕೆ ಕೊರೆದದ್ದಾದ್ದರಿಂದ ತಟ್ಟೆ 33⅓ರ ಬದಲು 27.8 ಸುತ್ತು ತಿರುಗುತ್ತಿತ್ತು. ಲೇಬಲ್ಲಿನಲ್ಲಿ 50/60 ಎಂದಿದ್ದುದು ಮೋಟರು ಎರಡನ್ನೂ ತಾಳುತ್ತದೆ ಎಂಬ ಮಾತು ಮಾತ್ರ, ವೇಗ ಸರಿಯಿರುತ್ತದೆ ಎಂಬ ಮಾತಲ್ಲ. ಕ್ವಾರ್ಟ್ಜ್ ಡೈರೆಕ್ಟ್ ಡ್ರೈವ್ ಅಥವಾ ಡಿಸಿ ಮೋಟರಿನ ಟರ್ನ್‌ಟೇಬಲ್ಲುಗಳಿಗೂ ಸಿಡಿ ಪ್ಲೇಯರಿಗೂ ಈ ತೊಂದರೆಯಿಲ್ಲ.

ಮಗಳು ಜೊತೆಗೆ ಒಂದು ಸ್ಟ್ರೋಬ್ ತಟ್ಟೆ (ವೇಗ ನೋಡಲು ಗೆರೆಗಳನ್ನು ಹಾಕಿದ ತಟ್ಟೆ) ತಂದಿದ್ದಳು. ಅಡಿಗೆಮನೆಯ ಚೋಕ್ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಹಿಡಿದರೆ ಗೆರೆಗಳು ಕದಲದೆ ನಿಂತವು, ವೇಗ ಸರಿಯಿದೆ ಎಂದಿತು! ಅದು 216 ಗೆರೆಯ ಸುತ್ತು, 60 ಹರ್ಟ್ಸಿನದು. ಪುಣೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. 216 ಗೆರೆಯ ತಟ್ಟೆ ನಿಮಿಷಕ್ಕೆ 27.8 ಸುತ್ತು ತಿರುಗಿದರೆ ಸೆಕೆಂಡಿಗೆ ದಾಟುವ ಗೆರೆಗಳೂ 100. ಮೋಟರೂ ದೀಪವೂ ಒಂದೇ ಕರೆಂಟಿನ ತಾಳಕ್ಕೆ ಕುಣಿಯುವುದರಿಂದ 60ರ ಪುಲ್ಲಿಯೂ 60ರ ಗೆರೆಯೂ ಲೋಕದ ಯಾವ ಮೂಲೆಯಲ್ಲೂ ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. ನಮಗೆ ಬೇಕಾದ್ದು 180 ಗೆರೆಯ ಸುತ್ತು, 45ಕ್ಕೆ 133. ಎಲ್‌ಇಡಿ ಬಲ್ಬುಗಳ ಬೆಳಕಿನಲ್ಲಿ ಗೆರೆ ಸ್ಪಷ್ಟವಾಗಿ ಕಾಣುವುದು ಕಡಿಮೆ. ಸ್ಟ್ರೋಬ್ ಇಲ್ಲದವರು ತಟ್ಟೆಯ ಅಂಚಿಗೆ ಕಾಗದದ ಚೂರು ಅಂಟಿಸಿ ಮೂರು ನಿಮಿಷ ಎಣಿಸಬಹುದು: ನೂರು ಸುತ್ತು ಬರಬೇಕು, 60ರ ಪುಲ್ಲಿಯಿದ್ದರೆ 83ಕ್ಕೆ ನಿಲ್ಲುತ್ತದೆ.

ಮೊದಲು ಹುಡುಕಬೇಕಾದ್ದು ಟೋಕಿಯೊ ಕಡೆಯ 50 ಹರ್ಟ್ಸಿನ ಅಸಲಿ ಪುಲ್ಲಿಯನ್ನು. ಈ ಮಾದರಿಗೆ ಸಿಗಲಿಲ್ಲ, ಲೇಥಿನಲ್ಲಿ ಮಾಡಿಸಬೇಕಾಯಿತು. ಭೋಸರಿಯ ಸಣ್ಣ ವರ್ಕ್‌ಶಾಪುಗಳಿಗೆ ಇಂಥ ಕೆಲಸ ಕಷ್ಟವಲ್ಲ, ಲೆಕ್ಕ ಮಾತ್ರ ನಾವೇ ಸರಿಯಾಗಿ ಕೊಡಬೇಕು. ಹಳೆ ಪುಲ್ಲಿಯನ್ನು 1.2ರಿಂದ ಗುಣಿಸಿ ಕೊಟ್ಟರೆ ತಪ್ಪುತ್ತದೆ, ಯಾಕೆಂದರೆ ವೇಗ ನಿರ್ಧಾರವಾಗುವುದು ಬೆಲ್ಟಿನ ದಪ್ಪದ ನಡುವಿನ ಗೆರೆಯಲ್ಲಿ. ಪುಲ್ಲಿಯಲ್ಲಿ ಎರಡು ವೇಗಕ್ಕೆ ಎರಡು ಮೆಟ್ಟಿಲು. 33ರ ಮೆಟ್ಟಿಲಿನ ವ್ಯಾಸ 17.20 ಮಿಲಿಮೀಟರ್, ಬೆಲ್ಟಿನ ದಪ್ಪ 0.60. ಕೂಡಿಸಿದರೆ 17.80, ಅದನ್ನು 1.2ರಿಂದ ಗುಣಿಸಿದರೆ 21.36, ಬೆಲ್ಟಿನ ದಪ್ಪ ಕಳೆದರೆ 20.76. 45ರ ಮೆಟ್ಟಿಲಿಗೂ ಹೀಗೆಯೇ ಲೆಕ್ಕ ಹಾಕಿದರೆ 28.24. ಬರೀ 1.2 ಹಿಡಿದಿದ್ದರೆ 33ರದು 20.64 ಆಗಿ ವೇಗ ಅರ್ಧ ಶೇಕಡಾಕ್ಕಿಂತ ಹೆಚ್ಚು ಕಡಿಮೆಯಾಗುತ್ತಿತ್ತು, ತಂಬೂರಿಯ ಜೊತೆ ಕೂತವರಿಗೆ ಗೊತ್ತಾಗುವಷ್ಟು.

ವ್ಯಾಸದಲ್ಲಿ 0.02ರ ತಪ್ಪು ವೇಗದಲ್ಲಿ ಶೇಕಡಾ 0.1, ಅಷ್ಟು ನಡೆಯುತ್ತದೆ. ನಡೆಯದ್ದು ಕೇಂದ್ರ ತಪ್ಪುವುದು. ತೂತು 0.02 ಮಿಲಿಮೀಟರ್ ಆಚೀಚೆಯಾದರೂ ವೇಗ ಸುಮಾರು 0.19 ಶೇಕಡಾ ಮೇಲೆ ಕೆಳಗೆ ತೂಗುತ್ತದೆ, ಮೋಟರಿನ ಸುತ್ತಿನ ಲೆಕ್ಕದಲ್ಲಿ ಸೆಕೆಂಡಿಗೆ ನಾಲ್ಕು ಸಲ. ಉದ್ದ ಎಳೆದ ಸ್ವರದಲ್ಲಿ ಅದು ನಡುಕವಾಗಿ ಕೇಳುತ್ತದೆ. ಮೊದಲು ಮಾಡಿದ ಹಿತ್ತಾಳೆಯ ಪುಲ್ಲಿಯಲ್ಲಿ ಹೀಗೇ ಆಯಿತು: ಹೊರಮೈ ಕೊರೆದ ಮೇಲೆ ತುಂಡನ್ನು ಚಕ್ಕಿನಿಂದ ಬಿಚ್ಚಿ ತಿರುಗಿಸಿ ತೂತು ಹಾಕಿದ್ದರು. ಎರಡನೆಯದಕ್ಕೆ ತೂತು, ರೀಮರ್, ಹೊರಮೈ ಮೂರೂ ಒಂದೇ ಹಿಡಿತದಲ್ಲಿ ಮುಗಿಸಲು ಹೇಳಿದಾಗ ನಡುಕ ಹೋಯಿತು. ಬೆಲ್ಟು ಜಾರದಿರಲು ಮೆಟ್ಟಿಲಿನ ನಡು ಕೂದಲೆಳೆಯಷ್ಟು ಉಬ್ಬಿರಬೇಕು, ಅಳತೆ ಹೇಳುವುದು ಆ ಉಬ್ಬಿನ ನೆತ್ತಿಯದು.

ಲೇಥಿನ ಸಹವಾಸವೇ ಬೇಡ ಎನ್ನುವವರು ಟರ್ನ್‌ಟೇಬಲ್ಲಿಗೆ ಮಾತ್ರ 100 ವೋಲ್ಟ್, 60 ಹರ್ಟ್ಸಿನ ಸೈನ್ ಅಲೆ ಕೊಡುವ ಸಣ್ಣ ಪವರ್ ಸಪ್ಲೈ ಕಟ್ಟಿಸಬಹುದು. 8 ವಾಟಿನ ಮೋಟರಿಗೆ 20 ವಾಟಿನದು ಸಾಕು. ಆದರೆ ಮನೆಯ ಬ್ಯಾಟರಿ ಇನ್ವರ್ಟರಿನ ಮೇಲೆ ಓಡಿಸಬಾರದು. ಚೌಕ ಅಲೆಯ ಇನ್ವರ್ಟರಿನಲ್ಲಿ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ, ವೇಗವೂ ಇನ್ವರ್ಟರ್ ಹೇಳಿದಷ್ಟೇ.

ಕೊನೆಗೆ ಉಳಿದದ್ದು ಒಂದು ಹಮ್. ಟೋನ್‌ಆರ್ಮ್ ಒಳಗೆ ಸರಿದಂತೆ ಹೆಚ್ಚುತ್ತಿತ್ತು. ಅರ್ಥಿನ ದೋಷವಾಗಿದ್ದರೆ ಆರ್ಮ್ ಎಲ್ಲಿದ್ದರೂ ಒಂದೇ ಇರಬೇಕಿತ್ತು. ಇದು ಕಾರ್ಟ್ರಿಜ್ಜಿನ (ಸೂಜಿ ಹಿಡಿದ ತಲೆಯ) ಸುರುಳಿ ಸ್ಟೆಪ್‌ಡೌನಿನ ಕಾಂತಕ್ಷೇತ್ರವನ್ನು ಹಿಡಿಯುತ್ತಿದ್ದುದು. ತಗಡಿನ ಪೆಟ್ಟಿಗೆಯನ್ನು ಕಪಾಟಿನ ಕೆಳಗಿನ ಹಂತಕ್ಕೆ, ಒಂದು ಮೀಟರಿಗಿಂತ ದೂರಕ್ಕೆ ಸರಿಸಿ ಕಾಲುಭಾಗ ತಿರುಗಿಸಿದಾಗ ಹೋಯಿತು.

ಟ್ಯೂನರಿಗೆ ಕರೆಂಟಿನ ತೊಂದರೆಯಿಲ್ಲ, ಬೇರೆ ತೊಂದರೆ. ಅದರ ಎಫ್‌ಎಂ ಪಟ್ಟಿ 76ರಿಂದ 90 ಮೆಗಾಹರ್ಟ್ಸ್. ಪುಣೆಯ ಖಾಸಗಿ ಕೇಂದ್ರಗಳು 91.1ರಿಂದ ಮೇಲಕ್ಕೆ, ಆಕಾಶವಾಣಿ 101ರಲ್ಲಿ. ಒಂದೂ ಸಿಗುವುದಿಲ್ಲ. ಎಎಂ ಮಾತ್ರ ಜಪಾನಿನಲ್ಲೂ ನಮ್ಮಲ್ಲೂ 9 ಕಿಲೊಹರ್ಟ್ಸಿನ ಮೆಟ್ಟಿಲು, ಆದ್ದರಿಂದ 792ರ ಪುಣೆ ಕೇಂದ್ರಕ್ಕೆ ಸರಿಯಾಗಿ ನಿಲ್ಲುತ್ತದೆ. ಎಫ್‌ಎಂ ಭಾಗವನ್ನು ಮರುಹೊಂದಿಸುವ ಖರ್ಚಿಗೆ ಇಲ್ಲಿನ ಟ್ಯೂನರೊಂದನ್ನೇ ಕೊಳ್ಳಬಹುದು ಎಂದು ಅದನ್ನು ಬಾಕ್ಸಿನ ನಾಲ್ಕನೆಯ ಸಾಕೆಟ್ಟಿನಿಂದ ತೆಗೆದಿಡಲಾಗಿದೆ.